34ನೇ ನಂಬರಿನ ಹುಡುಗಿ

ಎಂಟನೇ ತರಗತಿಯಲ್ಲಿ ಹಾಜರಿ ನಡೆಯುತ್ತಿದೆ. ಅವಳ ನಂಬರು 34. ಟೀಚರು 28ಕ್ಕೆ ಬರುವಷ್ಟರಲ್ಲಿ ಅವಳ ಅಂಗೈ ಬೆವರಿರುತ್ತದೆ. 'ಪ್ರೆಸೆಂಟ್ ಮಿಸ್' ಎನ್ನುವ ಎರಡೇ ಪದಗಳನ್ನು ಮನಸ್ಸಿನಲ್ಲಿ ಹತ್ತು ಸಲ ಹೇಳಿಕೊಂಡಾಗಿರುತ್ತದೆ. ಸರದಿ ಬಂದಾಗ ಗಂಟಲು ಒಣಗಿ, ದನಿ ಅರ್ಧ ಹೊರಗೆ ಬಂದು ಇನ್ನರ್ಧ ಒಳಗೇ ಉಳಿಯುತ್ತದೆ. 'ಯಾಕಮ್ಮಾ, ಬೆಳಿಗ್ಗೆ ತಿಂಡಿ ತಿಂದಿಲ್ವಾ? ಜೋರಾಗಿ ಹೇಳು' ಎನ್ನುತ್ತಾರೆ ಟೀಚರು. ತರಗತಿ ನಗುತ್ತದೆ. ಎರಡು ಸೆಕೆಂಡಿನ ನಗು. 35ನೇ ನಂಬರು ಕರೆಯುವ ಹೊತ್ತಿಗೆ ಎಲ್ಲರೂ ಮರೆತಿರುತ್ತಾರೆ. ಅವಳೊಬ್ಬಳು ಮಾತ್ರ ಮನೆಗೆ ಹೋಗಿ, ಹೋಂವರ್ಕ್ ಮುಗಿಸಿ, ದೀಪ ಆರಿಸಿ ಮಲಗಿದ ಮೇಲೂ ಆ ನಗು ಕೇಳಿಸಿಕೊಳ್ಳುತ್ತಿರುತ್ತಾಳೆ.

ಹಾಗೆ ಹೇಳಿದ ಟೀಚರುಗಳಲ್ಲಿ ನಾನೂ ಒಬ್ಬಳು. ಮಗುವಿನ ಸಂಕೋಚ ಕಳೆಯಲಿ ಎಂದೇ ಹೇಳುತ್ತಿದ್ದೆ. ಅದರಿಂದ ಸಂಕೋಚ ಕಳೆಯುವುದಿಲ್ಲ, ಬೇರು ಬಿಡುತ್ತದೆ ಎಂದು ತಿಳಿಯುವುದಕ್ಕೆ ನನಗೆ ಬಹಳ ವರ್ಷ ಬೇಕಾಯಿತು. ಆ ತಪ್ಪಿನ ಭಾರ ಇನ್ನೂ ಇದೆ, ಅದಕ್ಕೇ ಈ ಬರಹ.

ಎಂಟನೇ ತರಗತಿ ಎಂದು ಸುಮ್ಮನೆ ಹೇಳಲಿಲ್ಲ. ನಮ್ಮ ಹಳ್ಳಿಗಳ ಹೆಚ್ಚಿನ ಮಕ್ಕಳು ಏಳನೆಯವರೆಗೆ ಊರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಓದಿ, ಎಂಟಕ್ಕೆ ಹೋಬಳಿಯ ಅಥವಾ ತಾಲ್ಲೂಕಿನ ಹೈಸ್ಕೂಲಿಗೆ ಸೇರುತ್ತಾರೆ. ಏಳು ವರ್ಷ ಒಂದೇ ಚಾಪೆಯ ಮೇಲೆ ಕೂತವರು ಚದುರಿಹೋಗುತ್ತಾರೆ. ಒಬ್ಬಳು ವಸತಿ ಶಾಲೆಗೆ, ಒಬ್ಬ ಇಂಗ್ಲಿಷ್ ಮೀಡಿಯಂಗೆ, ಮತ್ತೊಬ್ಬಳು ಅಜ್ಜಿ ಮನೆಗೆ. ಊರಿನ ಶಾಲೆಯಲ್ಲಿ ಅವಳಿಗೆ ಗೆಳತಿಯರನ್ನು 'ಮಾಡಿಕೊಳ್ಳುವ' ಪ್ರಶ್ನೆಯೇ ಇರಲಿಲ್ಲ. ಪಕ್ಕದ ಮನೆಯವಳು, ನೀರಿಗೆ ಜೊತೆಗೆ ಹೋಗುವವಳು, ಚಿಕ್ಕಪ್ಪನ ಮಗಳು, ಎಲ್ಲರೂ ಹುಟ್ಟಿದಾಗಿನಿಂದ ಇದ್ದವರು. ಈಗ ಮೊದಲ ಸಲ ಅವಳು ಅಪರಿಚಿತರ ನಡುವೆ ಗೆಳತಿಯನ್ನು ಹುಡುಕಬೇಕು. ಅದೂ ಹದಿಮೂರನೇ ವಯಸ್ಸಿನಲ್ಲಿ, ಓರಗೆಯವರು ನನ್ನನ್ನು ಏನೆಂದುಕೊಳ್ಳುತ್ತಾರೆ ಎಂಬುದು ಅಪ್ಪ ಅಮ್ಮನ ಮಾತಿಗಿಂತ ದೊಡ್ಡದಾಗಿ ಕಾಣುವ ವಯಸ್ಸಿನಲ್ಲಿ. ಸಾಮಾಜಿಕ ಆತಂಕ ಎಂದು ಮನೋವೈದ್ಯರು ಕರೆಯುವ ತೊಂದರೆ ಸಾಮಾನ್ಯವಾಗಿ ತಲೆಯೆತ್ತುವುದೂ ಸುಮಾರು ಇದೇ ವಯಸ್ಸಿನಲ್ಲಿ.

ನಾಚಿಕೆ ಬೇರೆ, ಈ ಆತಂಕ ಬೇರೆ. ನಾಚಿಕೆ ಕಾಯಿಲೆಯಲ್ಲ. 1970ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಫಿಲಿಪ್ ಜಿಂಬಾರ್ಡೊ ವಿದ್ಯಾರ್ಥಿಗಳನ್ನು ವಿಚಾರಿಸಿದಾಗ ಹತ್ತರಲ್ಲಿ ಸುಮಾರು ನಾಲ್ವರು 'ನಾನು ನಾಚಿಕೆ ಸ್ವಭಾವದವನು' ಎಂದಿದ್ದರು. ನಾಚಿಕೆಯ ಮಗು ಮೊದಲ ದಿನ ಬಾಗಿಲ ಮರೆಯಲ್ಲಿ ನಿಲ್ಲುತ್ತದೆ, ನಾಲ್ಕನೇ ದಿನಕ್ಕೆ ಆಟಕ್ಕಿಳಿಯುತ್ತದೆ. ಆತಂಕದ ಮಗುವಿಗೆ ನಾಲ್ಕನೇ ದಿನ ಮೊದಲ ದಿನಕ್ಕಿಂತ ಕಷ್ಟ. ಸೋಮವಾರ ಬೆಳಿಗ್ಗೆ ಹೊಟ್ಟೆನೋವು. ಎಲ್ಲರೆದುರು ಎದ್ದು ಕೇಳಬೇಕಲ್ಲ ಎಂದು ಮೂತ್ರ ತಡೆದುಕೊಂಡು ಕೂರುವುದು. ಬೇರೆಯವರು ನೋಡುತ್ತಾರೆಂದು ಬುತ್ತಿ ಬಿಚ್ಚದೆ ವಾಪಸ್ ತರುವುದು. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟರೂ ಕೇಳದೆ ಬರುವುದು. ಇಂಥದ್ದು ಆರು ತಿಂಗಳು ದಾಟಿ ಓದನ್ನೂ ಊಟವನ್ನೂ ಒಡನಾಟವನ್ನೂ ಕೆಡಿಸುತ್ತಿದ್ದರೆ ಅದನ್ನು ಸ್ವಭಾವ ಎಂದು ಬಿಟ್ಟುಬಿಡಬಾರದು.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಒಂದು ಹಳೆಯ ಪದವಿದೆ, ಸಭಾಕಂಪನ. ಸಭೆಯನ್ನು ಕಂಡರೆ ಮೈ ನಡುಗುವುದು. ವೈದ್ಯಶಾಸ್ತ್ರ ಅದನ್ನು ಪ್ರತ್ಯೇಕವಾಗಿ ಗುರುತಿಸಿದ್ದು ತಡವಾಗಿ. 1966ರಲ್ಲಿ ಬ್ರಿಟನ್ನಿನ ಐಸಾಕ್ ಮಾರ್ಕ್ಸ್ ಮತ್ತು ಮೈಕೇಲ್ ಗೆಲ್ಡರ್ ಬೇರೆ ಭಯಗಳಿಂದ ಇದನ್ನು ಬಿಡಿಸಿ ನೋಡಿದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಅದು ಸೇರಿತು. ಸಭಾಕಂಪನ ಎಂಬ ಪದದಲ್ಲಿ ಒಂದೇ ಕೊರತೆ: ವೇದಿಕೆ, ಮೈಕು, ನೂರಾರು ಜನ ಕಣ್ಣಿಗೆ ಬರುತ್ತಾರೆ. ನಮ್ಮ ಹುಡುಗಿಗೆ ಮೂವರು ಹುಡುಗಿಯರು ಕೂತು ಊಟ ಮಾಡುತ್ತಿರುವ ಜಗಲಿಯೇ ಸಭೆ.

ಆ ಜಗಲಿಯ ಹತ್ತಿರ ಹೋದಾಗ ಅವಳ ಒಳಗೆ ಏನು ನಡೆಯುತ್ತದೆ? 1995ರಲ್ಲಿ ಡೇವಿಡ್ ಕ್ಲಾರ್ಕ್ ಮತ್ತು ಆಡ್ರಿಯನ್ ವೆಲ್ಸ್ ಎಂಬ ಇಬ್ಬರು ಮನೋವಿಜ್ಞಾನಿಗಳು ಇದನ್ನು ಚೆನ್ನಾಗಿ ಬಿಡಿಸಿಟ್ಟರು. ಎದುರಿಗಿರುವವರನ್ನು ನೋಡಬೇಕಾದ ಗಮನ ಒಳಕ್ಕೆ ತಿರುಗಿಬಿಡುತ್ತದೆ. ಮುಖ ಕೆಂಪಾಯಿತೇ, ಕೈ ನಡುಗುತ್ತಿದೆಯೇ, ನಿಂತ ರೀತಿ ಪೆದ್ದಾಗಿದೆಯೇ, ಹೀಗೆ ಅವಳು ತನ್ನನ್ನೇ ಹೊರಗಿನಿಂದ ನೋಡತೊಡಗುತ್ತಾಳೆ. ಒಳಗೆ ಎಷ್ಟು ನಡುಗುತ್ತಿದ್ದೇನೋ ಹೊರಗೂ ಅಷ್ಟೇ ಕಾಣುತ್ತಿದೆ ಎಂದು ನಂಬುತ್ತಾಳೆ. ಆಮೇಲೆ ಬಚಾವಾಗಲು ಕೆಲವು ಆಸರೆ ಹುಡುಕುತ್ತಾಳೆ. ತಲೆ ತಗ್ಗಿಸುತ್ತಾಳೆ. ಕಣ್ಣು ತಪ್ಪಿಸುತ್ತಾಳೆ. ದನಿ ಇಳಿಸುತ್ತಾಳೆ. ಬ್ಯಾಗಿನಲ್ಲಿ ಏನನ್ನೋ ಹುಡುಕುವಂತೆ ಕೈಯಾಡಿಸುತ್ತಾಳೆ. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ತಿದ್ದುತ್ತಾ ಕೂರುತ್ತಾಳೆ, ಅದು ಸರಿಯಾಗುವಷ್ಟರಲ್ಲಿ ಅವರ ಮಾತು ಬೇರೆ ಕಡೆಗೆ ಹೊರಳಿರುತ್ತದೆ.

ಜಗಲಿಯಲ್ಲಿ ಕೂತ ಮೂವರಿಗೆ ಅವಳ ಎದೆಬಡಿತ ಕೇಳಿಸುವುದಿಲ್ಲ. ಅವರಿಗೆ ಕಾಣುವುದು ತಿರುಗಿಸಿದ ಮುಖ, ಕೇಳಿದ್ದಕ್ಕೆ ಒಂದೇ ಪದದ ಉತ್ತರ. 'ಅವಳಿಗೆ ಜಂಬ ಕಣೇ' ಎಂದು ಅವರು ತೀರ್ಮಾನಿಸುತ್ತಾರೆ, ಕರೆಯುವುದನ್ನು ಬಿಡುತ್ತಾರೆ. ಕರೆಯದಿದ್ದಾಗ ಅವಳಿಗೆ ತನ್ನ ಭಯವೇ ನಿಜವಾಯಿತೆನ್ನಿಸುತ್ತದೆ, ನಾನೆಂದರೆ ಯಾರಿಗೂ ಇಷ್ಟವಿಲ್ಲ. ಹೈಸ್ಕೂಲಿನ ಮಕ್ಕಳ ಎಲ್ಲ ತಪ್ಪು ತಿಳಿವಳಿಕೆಗಳಲ್ಲಿ ನನ್ನನ್ನು ಹೆಚ್ಚು ನೋಯಿಸುವುದು ಇದೇ. ಇಲ್ಲಿ ಯಾರೂ ಕೆಟ್ಟವರಿಲ್ಲ. ಹೆದರಿಕೆ ಅಹಂಕಾರದ ಹಾಗೆ ಕಾಣುತ್ತದೆ, ಅಷ್ಟೆ.

ಅವಳಿಗೆ ಗೊತ್ತಾಗಬೇಕಾದ ಎರಡು ಸಂಗತಿಗಳಿವೆ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರು 2000ನೇ ಇಸವಿಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಓರಗೆಯವರೆದುರು ಹಾಕಿಕೊಳ್ಳಲು ಹುಡುಗರು ನಾಚುವಂಥ ಒಬ್ಬ ಗಾಯಕನ ಚಿತ್ರವಿದ್ದ ಟೀ ಶರ್ಟನ್ನು ಒಬ್ಬ ವಿದ್ಯಾರ್ಥಿಗೆ ತೊಡಿಸಿ, ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರು. ಎಷ್ಟು ಜನ ಗಮನಿಸಿರಬಹುದು ಎಂದು ಕೇಳಿದಾಗ ತೊಟ್ಟವರು ಸುಮಾರು ಅರ್ಧದಷ್ಟು ಮಂದಿ ಎಂದರು. ನಿಜವಾಗಿ ಗಮನಿಸಿದ್ದು ಕಾಲುಭಾಗದಷ್ಟು ಮಂದಿ. ಎಲ್ಲರ ಕಣ್ಣೂ ನನ್ನ ಮೇಲಿದೆ ಎಂದು ನಾವೆಲ್ಲರೂ ಅಂದುಕೊಳ್ಳುತ್ತೇವೆ, ಆದರೆ ಆ ಕಣ್ಣುಗಳಲ್ಲಿ ಹೆಚ್ಚಿನವು ತಮ್ಮ ತಮ್ಮ ಟೀ ಶರ್ಟಿನ ಚಿಂತೆಯಲ್ಲಿರುತ್ತವೆ.

ಎರಡನೆಯದು ಇನ್ನೂ ಹತ್ತಿರದ್ದು. 2018ರಲ್ಲಿ ಎರಿಕಾ ಬೂತ್‌ಬಿ ಮತ್ತು ಸಂಗಡಿಗರು ಅಪರಿಚಿತರನ್ನು ಜೋಡಿ ಮಾಡಿ ಸ್ವಲ್ಪ ಹೊತ್ತು ಮಾತಾಡಲು ಬಿಟ್ಟು, ಆಮೇಲೆ ಒಬ್ಬೊಬ್ಬರನ್ನೇ ಕೇಳಿದರು: ನಿಮಗೆ ಅವರು ಎಷ್ಟು ಹಿಡಿಸಿದರು, ಅವರಿಗೆ ನೀವು ಎಷ್ಟು ಹಿಡಿಸಿರಬಹುದು? ಜನ ತಮ್ಮನ್ನು ಎದುರಿನವರು ಮೆಚ್ಚಿರುವುದಕ್ಕಿಂತ ಕಡಿಮೆಯೇ ಊಹಿಸಿದ್ದರು. ನಾಚಿಕೆಯವರಲ್ಲಿ ಈ ಅಂತರ ಇನ್ನೂ ದೊಡ್ಡದು. ಎಂದರೆ, ಮಾತು ಹಾಳಾಯಿತು ಎಂದು ಅವಳು ರಾತ್ರಿಯೆಲ್ಲ ಕೊರಗುವಾಗ, ಆ ಇನ್ನೊಬ್ಬಳು 'ಹುಡುಗಿ ಒಳ್ಳೆಯವಳೇ' ಎಂದುಕೊಂಡು ನಿದ್ದೆ ಮಾಡಿರುವ ಸಾಧ್ಯತೆಯೇ ಹೆಚ್ಚು.

ಇಷ್ಟು ಹೇಳಿದರೆ ಭಯ ಹೋಗುತ್ತದೆಯೇ? ಹೋಗುವುದಿಲ್ಲ. ಭಯ ವಾದಕ್ಕೆ ಸೋಲುವುದಿಲ್ಲ, ಅನುಭವಕ್ಕೆ ಮಾತ್ರ ಸೋಲುತ್ತದೆ. ಆ ಅನುಭವ ಎಲ್ಲಿ ಸಿಗುತ್ತದೆ ಎಂಬುದೇ ನಾನು ಹೇಳಬೇಕೆಂದಿರುವ ಮುಖ್ಯ ಮಾತು. ನಾವು ಹಿರಿಯರು ಅದನ್ನು ಯಾವಾಗಲೂ ತಪ್ಪು ಜಾಗದಲ್ಲಿ ಹುಡುಕುತ್ತೇವೆ. 'ಬಾಯಿದ್ದವನು ಬರಗಾಲದಲ್ಲೂ ಬದುಕಿದ' ಎಂದು ಗಾದೆ ಹೇಳಿ, ಆ ಮಗುವನ್ನು ಭಾಷಣ ಸ್ಪರ್ಧೆಗೆ ತಳ್ಳುತ್ತೇವೆ. ಆಗಸ್ಟ್ 15ರಂದು ಧ್ವಜದ ಕೆಳಗೆ ನಿಲ್ಲಿಸಿ ಬಾಯಿಪಾಠ ಒಪ್ಪಿಸು ಎನ್ನುತ್ತೇವೆ. ಈಜು ಬಾರದವರನ್ನು ತುಂಬಿದ ಬಾವಿಗೆ ನೂಕುವ ಕ್ರಮವಿದು. ಕೆಲವರು ಈಜು ಕಲಿಯುತ್ತಾರೆ, ಉಳಿದವರು ಜೀವಮಾನವಿಡೀ ಬಾವಿಯ ಕಡೆಗೆ ತಲೆಹಾಕುವುದಿಲ್ಲ.

ಗೆಳೆತನಕ್ಕೆ ಬೇಕಾದದ್ದು ಮಾತುಗಾರಿಕೆಯಲ್ಲ, ಜೊತೆಯಲ್ಲಿ ಕಳೆದ ಹೊತ್ತು. 1950ರಲ್ಲಿ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ಅಮೆರಿಕದ ಎಂಐಟಿಯ ವಿದ್ಯಾರ್ಥಿ ವಸತಿಗಳಲ್ಲಿ ಯಾರು ಯಾರಿಗೆ ಗೆಳೆಯರಾದರು ಎಂದು ನೋಡಿದಾಗ, ಗುಣ, ಅಭಿರುಚಿಗಳಿಗಿಂತ ಬಾಗಿಲಿಗೆ ಬಾಗಿಲು ಎಷ್ಟು ಹತ್ತಿರ ಎಂಬುದೇ ಹೆಚ್ಚಿನ ಕೆಲಸ ಮಾಡಿತ್ತು. 1992ರ ಇನ್ನೊಂದು ಅಧ್ಯಯನ ನನಗೆ ತುಂಬ ಇಷ್ಟ. ರಿಚರ್ಡ್ ಮೋರ್‌ಲ್ಯಾಂಡ್ ಮತ್ತು ಸ್ಕಾಟ್ ಬೀಚ್ ಒಂದು ದೊಡ್ಡ ಕಾಲೇಜು ತರಗತಿಯ ಪ್ರಯೋಗಕ್ಕೆ ನಾಲ್ವರು ಯುವತಿಯರನ್ನು ಆರಿಸಿಕೊಂಡರು. ಒಬ್ಬಳು ಒಂದು ಸಲವೂ ಹೋಗಲಿಲ್ಲ, ಉಳಿದವರು 5, 10, 15 ಸಲ ಹೋದರು. ಯಾರೂ ಯಾರೊಡನೆಯೂ ಮಾತಾಡಬಾರದು, ಸುಮ್ಮನೆ ಕೂತು ಬರಬೇಕು. ಕೊನೆಗೆ ವಿದ್ಯಾರ್ಥಿಗಳಿಗೆ ನಾಲ್ವರ ಚಿತ್ರ ತೋರಿಸಿದಾಗ, ಹೆಚ್ಚು ಸಲ ಬಂದವಳೇ ಅವರಿಗೆ ಹೆಚ್ಚು ಹಿಡಿಸಿದಳು. ಒಂದು ಮಾತೂ ಆಡದೆ! ಅಂಜುವ ಮಗುವಿಗೆ ಇದಕ್ಕಿಂತ ಸಮಾಧಾನದ ಸುದ್ದಿ ಇನ್ನೇನಿದೆ? ದಿನವೂ ಅದೇ ಜಾಗಕ್ಕೆ ಬಂದು ಕೂರುವುದೇ ಅರ್ಧ ಕೆಲಸ.

ಅಮೆರಿಕದ ಜೆಫ್ರಿ ಹಾಲ್ ಎಂಬ ಸಂವಹನ ಶಾಸ್ತ್ರಜ್ಞರು 2018ರಲ್ಲಿ ಲೆಕ್ಕ ಹಾಕಿದ ಪ್ರಕಾರ, ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ ಜೊತೆಯಲ್ಲಿರಬೇಕು, ಆಪ್ತ ಗೆಳೆತನಕ್ಕೆ 200 ಗಂಟೆಗೂ ಹೆಚ್ಚು. ಅದು ಊರು ಬದಲಿಸಿದ ವಯಸ್ಕರ ಮತ್ತು ಹೊಸ ಕಾಲೇಜು ವಿದ್ಯಾರ್ಥಿಗಳ ಲೆಕ್ಕ, ನಮ್ಮ ಹಳ್ಳಿ ಮಕ್ಕಳಿಗೆ ಗಂಟೆ ಗಂಟೆಯೂ ಒಪ್ಪಲಾರದು. ಆದರೂ ಒಂದು ಅಂದಾಜಿಗೆ ನೋಡಿ. ಶಾಲೆಯಿಂದ ಬಸ್ ಸ್ಟ್ಯಾಂಡಿಗೆ 20 ನಿಮಿಷದ ನಡಿಗೆ. ಹೋಗಿ ಬರುವುದು ಸೇರಿ 40 ನಿಮಿಷ. ದಿನವೂ ಒಬ್ಬಳ ಜೊತೆಗೆ ನಡೆದರೆ 50 ಗಂಟೆಗೆ 75 ದಿನ. ಜೂನ್‌ನಲ್ಲಿ ಶುರು ಮಾಡಿದರೆ ಗಣೇಶನ ಹಬ್ಬದ ಹೊತ್ತಿಗೆ ಒಬ್ಬ ಗೆಳತಿ. ಜುಲೈ ತಿಂಗಳಲ್ಲೇ 'ನನಗೆ ಯಾರೂ ಇಲ್ಲ' ಎಂದು ಅಳುವ ಮಗುವಿಗೆ ನಾನು ಈ ಲೆಕ್ಕ ಹೇಳುತ್ತೇನೆ. ನಿನ್ನಲ್ಲಿ ಕೊರತೆ ಇಲ್ಲಮ್ಮ, ದಿನ ಇನ್ನೂ ತುಂಬಿಲ್ಲ.

ಜೊತೆಯಲ್ಲಿರುವಾಗ ಕೈಗೊಂದು ಕೆಲಸವಿದ್ದರೆ ಇನ್ನೂ ಸುಲಭ. ಸುಮ್ಮನೆ ಎದುರುಬದುರು ಕೂತು ಮಾತಾಡು ಎಂದರೆ ಗಮನ ಒಳಕ್ಕೆ ಹೋಗುತ್ತದೆ. ಬಿಸಿಯೂಟದ ತಟ್ಟೆ ಜೋಡಿಸುವಾಗ, ಶಾಲೆಯ ಕೈತೋಟಕ್ಕೆ ನೀರು ಹಾಕುವಾಗ, ಪ್ರತಿಭಾ ಕಾರಂಜಿಗೆ ರಂಗೋಲಿಯ ಚುಕ್ಕಿ ಇಡುವಾಗ ಗಮನ ಕೆಲಸದ ಮೇಲಿರುತ್ತದೆ, ಮಾತು ತಾನೇ ಬರುತ್ತದೆ. ಬಾರದಿದ್ದರೂ ಆ ಮೌನ ಯಾರಿಗೂ ಭಾರವೆನ್ನಿಸುವುದಿಲ್ಲ. ವಿಜ್ಞಾನದ ಪ್ರಯೋಗಾಲಯದಲ್ಲಿ ಹಾಜರಿ ನಂಬರಿನ ಪ್ರಕಾರ ತಂಡ ಮಾಡುತ್ತೇವಲ್ಲ, ಅಲ್ಲಿ ಪಕ್ಕದ ನಂಬರಿನವರು ಗೆಳೆಯರಾಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಅದಕ್ಕೇ ಆಮೇಲಾಮೇಲೆ ಇಂಥ ಮಗುವನ್ನು ಏಳಿಸಿ ಪ್ರಶ್ನೆ ಕೇಳುವುದನ್ನು ಕಡಿಮೆ ಮಾಡಿ, 'ನೀವಿಬ್ಬರೂ ಹೋಗಿ ಲೈಬ್ರರಿಯಿಂದ ನಕ್ಷೆ ತನ್ನಿ' ಎನ್ನತೊಡಗಿದೆ. ಆ 'ಇಬ್ಬರೂ' ಎಂಬುದರಲ್ಲಿ ಗುಟ್ಟಿದೆ. ಇಬ್ಬರಿಗಾಗುವ ಕೆಲಸಗಳನ್ನು ಹುಡುಕಿ ಕೊಡುವುದು ಟೀಚರು ಮಾಡಬಹುದಾದ ಅತಿ ದೊಡ್ಡ ಉಪಕಾರ, ಅದಕ್ಕೆ ಯಾವ ತರಬೇತಿಯೂ ಬೇಡ.

ಇನ್ನು ಮಾತು ಶುರು ಮಾಡುವುದು ಹೇಗೆ ಎಂಬ ಕಷ್ಟ. ಇದರಲ್ಲಿ ಕನ್ನಡ ನಮ್ಮ ಮಕ್ಕಳಿಗೆ ದೊಡ್ಡ ಸಹಾಯ ಮಾಡಿದೆ. 'ಊಟ ಆಯ್ತಾ?' 'ಏನು ಸಾರು?' 'ಎಲ್ಲಿಗೆ, ಈ ಕಡೆ?' ಇವು ಉತ್ತರ ಬಯಸಿ ಕೇಳುವ ಪ್ರಶ್ನೆಗಳೇ ಅಲ್ಲ. 'ನಾನು ನಿನ್ನನ್ನು ಕಂಡೆ' ಎಂದು ತಿಳಿಸುವ ರೀತಿ. ಇದರಲ್ಲಿ ತಪ್ಪು ಉತ್ತರವಿಲ್ಲ, ಚುರುಕುತನ ಬೇಕಿಲ್ಲ, ಹೊಸದಾಗಿ ಏನನ್ನೂ ಯೋಚಿಸಬೇಕಿಲ್ಲ. ನಮ್ಮ ಅಜ್ಜಿಯಂದಿರು ಇಷ್ಟರಲ್ಲೇ ಊರಿಗೆ ಊರನ್ನೇ ನಂಟು ಮಾಡಿಕೊಂಡಿದ್ದರು. 'ಏನು ಸಾರು' ಎಂದರೆ 'ಹುರುಳಿಕಟ್ಟು' ಎನ್ನುತ್ತಾಳೆ ಅವಳು. 'ನಮ್ಮನೇಲೂ ನಿನ್ನೆ ಅದೇ' ಎಂದರೆ ಮಾತುಕತೆ ಆಯಿತು. ನಾಳೆ ಒಂದು ತುತ್ತು ಬದಲಾಗುತ್ತದೆ. ಬುತ್ತಿ ಹಂಚಿಕೊಂಡ ಮೇಲೆ ಪರಿಚಯದ ಶಾಸ್ತ್ರ ಬೇರೆ ಬೇಕಾಗುವುದಿಲ್ಲ.

ಭಯವನ್ನು ಇಳಿಸುವ ಚಿಕಿತ್ಸೆಯೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಈ ವಾರ ಒಬ್ಬಳ ಮುಖ ನೋಡಿ ನಗುವುದು. ಅದು ಸಲೀಸಾದ ಮೇಲೆ ನೋಟ್ಸ್ ಕೇಳುವುದು. ಆಮೇಲೆ ಜಗಲಿಯ ತುದಿಯಲ್ಲಿ ಕೂರುವುದು. ಹೋಗುವ ಮೊದಲು 'ಏನಾಗುತ್ತದೆ ಎಂದು ನನಗೆ ಭಯ' ಎಂದು ಒಂದು ಸಾಲು ಬರೆದಿಟ್ಟು, ಬಂದ ಮೇಲೆ 'ಏನಾಯಿತು' ಎಂದು ಇನ್ನೊಂದು ಸಾಲು ಬರೆಯುವುದು. ಎರಡೂ ಸಾಲುಗಳನ್ನು ಕೆಲವು ವಾರ ಅಕ್ಕಪಕ್ಕ ಇಟ್ಟು ನೋಡಿದರೆ ಭಯ ಎಷ್ಟು ಸಲ ಸುಳ್ಳು ಹೇಳಿತೆಂದು ಅವಳ ಕೈಬರಹದಲ್ಲೇ ಇರುತ್ತದೆ. ಹಾಗೆ ಹೋಗುವಾಗ ತಲೆ ತಗ್ಗಿಸುವ, ದನಿ ಇಳಿಸುವ ಆಸರೆಗಳನ್ನು ಒಂದೊಂದಾಗಿ ಬಿಡಬೇಕು. ಇಲ್ಲದಿದ್ದರೆ 'ತಲೆ ತಗ್ಗಿಸಿದ್ದರಿಂದ ಬಚಾವಾದೆ' ಎಂದೇ ಮನಸ್ಸು ನಂಬುತ್ತದೆ. ತಪ್ಪಿಸಿಕೊಂಡ ಪ್ರತಿ ಸಲವೂ ಆ ಕ್ಷಣಕ್ಕೆ ಹಾಯೆನ್ನಿಸುತ್ತದೆ, ಆ ಹಾಯೇ ಭಯಕ್ಕೆ ಹಾಕುವ ಗೊಬ್ಬರ.

ಮನೆಯವರ ಪ್ರೀತಿಯೂ ಇದೇ ಗೊಬ್ಬರವಾಗುವುದುಂಟು. ಮದುವೆ ಮನೆಯಲ್ಲಿ ಯಾರೋ 'ಎಷ್ಟನೇ ಕ್ಲಾಸಮ್ಮಾ?' ಎಂದರೆ ತಾಯಿ 'ಎಂಟು, ಇವಳು ಮಾತೇ ಆಡಲ್ಲ' ಎಂದು ಉತ್ತರಿಸಿಬಿಡುತ್ತಾಳೆ. ಹೋಟೆಲಿನಲ್ಲಿ 'ಅವಳಿಗೆ ಮಸಾಲೆ ದೋಸೆ' ಎಂದು ತಂದೆ ಹೇಳುತ್ತಾನೆ. ಮಗುವನ್ನು ಕಾಪಾಡಿದೆವು ಎಂದು ಇಬ್ಬರಿಗೂ ಅನ್ನಿಸುತ್ತದೆ. ದಯವಿಟ್ಟು ಹತ್ತು ಸೆಕೆಂಡು ಸುಮ್ಮನಿರಿ. ಮಾಣಿ ಕಾಯುತ್ತಾನೆ. ದೋಸೆ ಅವಳೇ ಹೇಳಲಿ.

ಮೊಬೈಲಿನ ಬಗ್ಗೆ ಒಂದೇ ಮಾತು: ವಾಟ್ಸಾಪಿನಲ್ಲಿ ಸಲೀಸಾಗಿ ಬರೆಯುವ ಹುಡುಗಿ ಆ ಸಲಿಗೆಯನ್ನು ಮರುದಿನ ಬೆಂಚಿಗೆ ತಂದರೆ ಅದು ಸೇತುವೆ. ತರದಿದ್ದರೆ ಅದೂ ಒಂದು ಬಚ್ಚಿಟ್ಟುಕೊಳ್ಳುವ ಜಾಗ.

ಮೊದಲ ಗೆಳೆತನದಲ್ಲಿ ಒಂದು ಅಪಾಯವಿದೆ, ಅದರ ಬಗ್ಗೆ ಯಾರೂ ಹೇಳುವುದಿಲ್ಲ. ರಾಜಕೋಟೆಯ ಹೈಸ್ಕೂಲಿನಲ್ಲಿ ಗಾಂಧಿ ಇಂಥದೇ ಹುಡುಗನಾಗಿದ್ದರು. ಶಾಲೆ ಬಿಟ್ಟೊಡನೆ, ಯಾರಾದರೂ ಮಾತಾಡಿಸಿ ಗೇಲಿ ಮಾಡಿಯಾರು ಎಂದು ಮನೆಗೆ ಓಡುತ್ತಿದ್ದುದನ್ನು ಅವರೇ ಆತ್ಮಕಥೆಯಲ್ಲಿ ಹೇಳಿದ್ದಾರೆ. ಆ ಒಂಟಿ ಹುಡುಗನಿಗೆ ಹತ್ತಿರವಾದದ್ದು ಅಣ್ಣನ ಗೆಳೆಯನೊಬ್ಬ, ಗಟ್ಟಿಮುಟ್ಟಾದ, ಧೈರ್ಯದ, ಓಟ ನೆಗೆತಗಳಲ್ಲಿ ಮುಂದಿದ್ದ ಹುಡುಗ. ಕತ್ತಲಿಗೂ ಹೆದರುತ್ತಿದ್ದ ಗಾಂಧಿ ಆ ಧೈರ್ಯಕ್ಕೆ ಮರುಳಾದರು. ತಾಯಿ, ಅಣ್ಣ, ಹೆಂಡತಿ ಮೂವರೂ ಎಚ್ಚರಿಸಿದರೂ ಬಿಡಲಿಲ್ಲ. ಮುಂದೆ ಆ ಗೆಳೆತನವನ್ನು ಅವರು ತಮ್ಮ ಬದುಕಿನ ದುರಂತವೆಂದೇ ಬರೆದರು. ಬಹಳ ದಿನ ಒಂಟಿಯಾಗಿದ್ದ ಮಗು ಮೊದಲು ಕೈ ಚಾಚಿದವರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆ ಕೈ ಎಳೆದ ಕಡೆಗೆಲ್ಲ ಹೋಗುತ್ತದೆ, ಬೇಡ ಎನ್ನಲು ಹೆದರುತ್ತದೆ. ಆದ್ದರಿಂದ 'ಅಂತೂ ಒಬ್ಬಳು ಸಿಕ್ಕಳಲ್ಲ' ಎಂದು ಮನೆಯವರು ನಿರಾಳವಾಗುವ ಮೊದಲು, ಆ ಗೆಳೆತನದಲ್ಲಿ ನಮ್ಮ ಮಗುವಿಗೆ 'ಬೇಡ' ಎನ್ನುವ ಜಾಗ ಇದೆಯೇ ಎಂದು ನೋಡಬೇಕು. ಗೆಳತಿಯರು ಹತ್ತು ಜನ ಬೇಕಿಲ್ಲ, ಇಬ್ಬರಾದರೂ ಇದ್ದರೆ ಒಬ್ಬಳಿಗೆ ಜೋತುಬೀಳಬೇಕಾಗುವುದಿಲ್ಲ.

ಭಯ ಇಷ್ಟಕ್ಕೆಲ್ಲ ಬಗ್ಗದಿದ್ದರೆ ಸಹಾಯ ಕೇಳುವುದಕ್ಕೆ ನಾಚಬೇಡಿ. ಮನಸ್ಸಿನ ಆರೈಕೆಯನ್ನು ಹಳ್ಳಿಗೆ ಒಯ್ಯುವ ಕೆಲಸದಲ್ಲಿ ಕರ್ನಾಟಕ ಹಿಂದೆ ಬಿದ್ದ ನಾಡಲ್ಲ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಇರುವ ಆಪ್ತಸಲಹೆಯ ಕೋಣೆಗೆ ನಮ್ಮಲ್ಲಿ ಇಟ್ಟ ಹೆಸರು ಸ್ನೇಹಾ ಕ್ಲಿನಿಕ್. ಈ ಮಕ್ಕಳಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕದು. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಸಹಾಯವಾಣಿಯಿದೆ, ಸಂಖ್ಯೆ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಆದರೆ ಫೋನಿನಲ್ಲಿ ಮಾತಾಡುವುದೇ ಈ ಮಕ್ಕಳಿಗೆ ಬೆಟ್ಟದಷ್ಟು ಕಷ್ಟ. ಮೊದಲ ಕರೆ ನೀವು ಮಾಡಿ, ಪಕ್ಕದಲ್ಲಿ ಕೂರಿಸಿಕೊಳ್ಳಿ.

ಕೊನೆಗೆ ಕೇಳಬೇಕಾದದ್ದು ಹಿರಿಯರನ್ನಲ್ಲ, 33 ಮತ್ತು 35ನೇ ನಂಬರಿನ ಮಕ್ಕಳನ್ನು. ನಿಮ್ಮ ನಡುವೆ ಕೂರುವ ಆ ಹುಡುಗಿಗೆ ಜಂಬವಿಲ್ಲ. ನಾಳೆ ಊಟದ ಬಿಡುವಿನಲ್ಲಿ ಜಗಲಿಯ ಮೇಲೆ ಸ್ವಲ್ಪ ಸರಿದು ಕೂರಿ, ಅವಳನ್ನು ಹೆಸರು ಹಿಡಿದು ಕರೆಯಿರಿ. ಬಂದು ಕೂತ ಮೇಲೆ ಏನು ಸಾರು ಎಂದು ಕೇಳಿ. ಉತ್ತರ ಬರಲು ತುಸು ಹೊತ್ತು ಹಿಡಿಯಬಹುದು, ಕಾಯಿರಿ.